ಹೊಲ, ಗುಡ್ಡ, ರಸ್ತೆಯಾಗ ಆಗೋ ಸಣ್ಣ ಗಾಯ: ಮೊದಲ ಅರ್ಧ ತಾಸಿನಾಗ ಏನ್ ಮಾಡಬೇಕು? ಎರಿಮಣ್ಣು ಹೊಕ್ಕಿದ್ರ ಏನು?

ಗುಡ್ಡದದಾರಿ (ಗದಗ)

ಕಪ್ಪತಗುಡ್ಡಕ್ಕ 24 ಮಂದಿ ಕಾಲೇಜು ಹುಡುಗರನ್ನ ಒಂದ್ ದಿವಸದ ನಡಿಗಿಗೆ ಕರ್ಕೊಂಡು ಹೋಗೋ ತಂಡಕ್ಕ ಒಂದು ಪುಟದ ಸೂಚನೆ ತಯಾರ ಮಾಡಾಕತ್ತೇನಿ. ಹಾವು ಕಡಿತ, ಎಲುಬು ಮುರಿತಕ್ಕ ಬ್ಯಾರೆ ಪುಟ ಐತಿ. ಇದು ಬರೀ ತರಚು ಗಾಯ, ಕೊಯ್ದ ಗಾಯ, ಮುಳ್ಳಿನದು. ಈಗಿನ ಕರಡು ಹಿಂಗೈತಿ: ಸಹಾಯ ಮಾಡಾವ್ರು ಮೊದಲು ತಮ್ಮ ಕೈ ತೊಳ್ಕೊಂಡು ಗ್ಲೌಸ್ ಹಾಕ್ಕೋಬೇಕು. ರಕ್ತ ನಿಲ್ಲಿಸಬೇಕು. ಡೆಟಾಲ್ ನೀರಿಲೆ ಒರಸಬೇಕು. ಪೌಡರ್ ಉದುರಿಸಿ, ಹತ್ತಿ ಇಟ್ಟು ಪಟ್ಟಿ ಕಟ್ಟಬೇಕು. ಊರಿಗೆ ಬಂದಮ್ಯಾಲೆ ಟಿಟಿ ಮಾಡಿಸಬೇಕು.

ತಪ್ಪಿದ್ದಲ್ಲಿ ತಿದ್ದ್ರಿ. ಮುಖ್ಯವಾಗಿ ಕೇಳೂದು ಎರಡು. ಗಾಯ ತೊಳಿಯಾಕಂತ ಎಷ್ಟು ನೀರು ಹೆಚ್ಚಿಗಿ ಹೊರಬೇಕು? ಗುಡ್ಡದ ಬುಡದಾಗ ಹೊಲದ ದಾರಿ ಎಲ್ಲಾ ಎರಿಮಣ್ಣು, ಮ್ಯಾಲೆ ಹೋದಂಗ ಕೆಂಪು ಗರಸು. ಎರಡಕ್ಕೂ ಒಂದ ಕ್ರಮ ನಡೀತೈತೇನು?

ಶುಶ್ರೂಷೆ_ಹಾವೇರಿ

ಅಣ್ಣಾರ, "ರಕ್ತ ನಿಲ್ಲಿಸಬೇಕು" ಅಂತ ಒಂದ ಮಾತಿನಾಗ ಬರದ್ರ ಸಾಲೂದಿಲ್ಲ. ಬಾಳ ಮಂದಿ ತಪ್ಪೂದು ಅಲ್ಲೇ.

ಸ್ವಚ್ಛ ಗಾಜ್ (ಗಾಯಕ್ಕ ಇಡೋ ಜಾಳು ಅರಿವಿ) ಇಲ್ಲಾಂದ್ರ ಒಗದ ಅರಿವಿ ನಾಲ್ಕು ಮಡಿಕಿ ಮಾಡಿ, ಗಾಯದ ನೆಟ್ಟ ಮ್ಯಾಲೆ ಇಟ್ಟು, ಅಂಗೈಯಿಂದ ಒತ್ತಿ ಹಿಡೀಬೇಕು. ಗಡಿಯಾರ ನೋಡಿ 10 ನಿಮಿಷ. ನಡುವ "ನಿಂತಿತೇನು" ಅಂತ ಎತ್ತಿ ನೋಡಬಾರದು. ಗಾಯದ ಬಾಯಾಗ ಹೆಪ್ಪುಗಟ್ಟಾಕತ್ತಿದ ರಕ್ತ ಅರಿವಿಗೆ ಅಂಟಿರತೈತಿ. ಎತ್ತಿದ್ರ ಅದೂ ಕಿತ್ತು ಬರತೈತಿ, ಲೆಕ್ಕ ಮತ್ತ ಸೊನ್ನಿಯಿಂದ ಶುರು. ಅರಿವಿ ತೊಯ್ದ್ರ ತೆಗೀಬ್ಯಾಡ್ರಿ, ಅದರ ಮ್ಯಾಲೆ ಇನ್ನೊಂದು ಇಟ್ಟು ಇನ್ನಷ್ಟು ಗಟ್ಟಿ ಒತ್ತ್ರಿ. ಕೈ ಕಾಲಾಗಿದ್ರ ಎದಿಗಿಂತ ಎತ್ತರಕ್ಕ ಎತ್ತಿ ಹಿಡೀರಿ. ರಕ್ತ ಹೆಪ್ಪುಗಟ್ಟದಂಗ ಮಾಡೋ ಗುಳಿಗಿ (ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್) ತಗೊಳ್ಳೋ ಹಿರಿಯರು ತಂಡದಾಗ ಇದ್ರ ಅವರಿಗೆ 15ರಿಂದ 20 ನಿಮಿಷ ಬೇಕಾಗಬಹುದು.

ಬಟ್ಟಿನ ಬುಡಕ್ಕೋ ಮಣಿಕಟ್ಟಿಗೋ ದಾರ, ರಬ್ಬರ್ ಬಿಗಿದು ಕಟ್ಟೂದು ಬ್ಯಾಡ. ಸಣ್ಣ ಗಾಯಕ್ಕ ಅದರ ಅವಶ್ಯಕತಿ ಇಲ್ಲ. ಅರ್ಧಂಬರ್ಧ ಬಿಗಿದ್ರ ರಕ್ತ ಒಳಗ ಹೋಗತೈತಿ, ತಿರುಗಿ ಬರಾಕ ದಾರಿ ಇರೂದಿಲ್ಲ. ಸೋರೂದು ಇನ್ನೂ ಹೆಚ್ಚಾಗತೈತಿ. ಕೈಗೆ ಪೆಟ್ಟಾಗಿದ್ರ ಉಂಗುರ, ಬಳಿ ತಕ್ಷಣ ತಗಿಸ್ರಿ, ಬಾವು ಬಂದಮ್ಯಾಲೆ ಅವು ಬರೂದಿಲ್ಲ.

ರಕ್ತ ನಿಂತ ಕೂಡಲೆ, ಪಟ್ಟಿ ಕಟ್ಟೂಕಿಂತ ಮೊದಲು ಎರಡು ಪರೀಕ್ಷೆ ಮಾಡ್ರಿ. ಗಾಯದ ಆಚಿ ಕಡೆ ಬಟ್ಟಿನ ತುದಿ ಮುಟ್ಟಿದ್ದು ಗೊತ್ತಾಗತೈತೇನು? ಬಟ್ಟಿನ ಒಂದೊಂದು ಗೆಣ್ಣು ಬ್ಯಾರೆ ಬ್ಯಾರೆ ಮಡಚಿ ಬಿಚ್ಚಾಕ ಬರತೈತೇನು? ಎರಡರಾಗ ಒಂದು ಆಗಲಿಲ್ಲ ಅಂದ್ರ ಗಾಯ ಎಷ್ಟ ಸಣ್ಣದು ಕಾಣಲಿ, ನರ ಅಥವಾ ಸ್ನಾಯುರಜ್ಜು ಕಡಿದಿರಬಹುದು. ನೆಟ್ಟಗ ದವಾಖಾನಿಗೆ. ಕುಡಗೋಲಿನ ಗಾಯ ಮೋಸ ಮಾಡೂದು ಹಿಂಗ. ಹೊರಗ ಒಂದು ಸಣ್ಣ ಗೆರಿ, ಒಳಗ ಆಳ.

ಎರಿಹೊಲ_ನವಲಗುಂದ

ಎರಿಮಣ್ಣಿನ ಪ್ರಶ್ನೆ ಸರಿಯಾಗಿ ಕೇಳೀರಿ. ಎರಡಕ್ಕೂ ಒಂದ ಕ್ರಮ ಸಾಲೂದಿಲ್ಲ.

ನಮ್ಮ ಎರಿ ಭೂಮಿಯೊಳಗ ಜೇಡಿ ಅಂಶ ಬಾಳ. ಜೇಡಿಯ ಕಣ ಅಂದ್ರ 2 ಮೈಕ್ರಾನ್‌ಕಿಂತ ಸಣ್ಣದು. ನೀರು ಕುಡದ್ರ ಉಬ್ಬತೈತಿ, ಒಣಗಿದ್ರ ಸಿಮೆಂಟಿನಂಗ ಬಿಗೀತೈತಿ. ಬ್ಯಾಸಗಿ ಹೊಲದಾಗ ಬಿರುಕು ಬಿಡೂದು ಇದ ಗುಣದಿಂದ. ಗಾಯದಾಗ ಇದು ಬರೀ ಹೊಲಸಲ್ಲ. ಮರಳು, ಗರಸು ಕುಂತಿದ್ದಕ್ಕಿಂತ ಜೇಡಿ ಕುಂತ ಗಾಯ ಕಡಿಮಿ ಕ್ರಿಮಿಯಿಂದಲೇ ನಂಜಾಗತೈತಿ. ಕ್ರಿಮಿ ತಿನ್ನಾಕ ಬರೋ ಬಿಳಿ ರಕ್ತಕಣಗಳ ಕೆಲಸಕ್ಕ ಈ ಕಣಗಳು ಅಡ್ಡಿ ಮಾಡತಾವು. ಕೆಲವು ಆಂಟಿಬಯೋಟಿಕ್ಕನ್ನ ತಮಗ ಅಂಟಿಸ್ಕೊಂಡು ಕೆಲಸಕ್ಕ ಬಾರದಂಗೂ ಮಾಡತಾವು. ಅದಕ್ಕ ಎರಿಮಣ್ಣಿನ ಗಾಯಕ್ಕ ಮುಲಾಮು ಹಚ್ಚಿ ಸುಮ್ಮನ ಕುಂಡ್ರೂದು ಕೆಲಸ ಮಾಡೂದಿಲ್ಲ. ಮಣ್ಣ ಹೊರಗ ಹೋಗಬೇಕು.

"ಡೆಟಾಲ್ ನೀರಿಲೆ ಒರಸಬೇಕು" ಅನ್ನೋ ಸಾಲು ತಗದು ಬಿಡ್ರಿ. ಒರಸಿದ್ರ ಜೇಡಿ ಸವರಿಕೊಂಡು ಇನ್ನೂ ಒಳಗ ಹೋಗತೈತಿ. ನೀರು ಹೊಡದು ತೊಳೀಬೇಕು. ಪ್ರಮಾಣ: ಗಾಯದ ಉದ್ದ ಒಂದೊಂದು ಸೆಂಟಿಮೀಟರಿಗೆ 50ರಿಂದ 100 ಮಿಲಿ. 3 ಸೆಂ.ಮೀ. ಕೊಯ್ತಕ್ಕ ಸುಮಾರು 300 ಮಿಲಿ. ಅಂಗೈಯಗಲ ತರಚಿದ್ರ ಒಂದು ಲೀಟರ್. ಎರಿಮಣ್ಣಿದ್ರ ಇದರ ಮ್ಯಾಲೆ ಇನ್ನೊಂದು ಪಾಲು ಹೆಚ್ಚು.

20 ಮಿಲಿ ಸಿರಿಂಜ್ ತುದಿಯನ್ನ ಗಾಯದಿಂದ 3-4 ಸೆಂ.ಮೀ. ದೂರ ಹಿಡಿದು, ಒಂದ ದಿಕ್ಕಿಗೆ, ಮ್ಯಾಲಿನ ಅಂಚಿನಿಂದ ಕೆಳಗಿನ ಅಂಚಿಗೆ ಹೊಡೀಬೇಕು. ಸಿರಿಂಜ್ ಇಲ್ಲಾಂದ್ರ ನೀರಿನ ಬಾಟಲಿ ಮುಚ್ಚಳಕ್ಕ ಕಾಸಿದ ಪಿನ್ನಿನಿಂದ ಒಂದ ತೂತು ಮಾಡಿ, ಬಾಟಲಿ ಹಿಂಡ್ರಿ. ನಾಲ್ಕು ತೂತು ಮಾಡಿದ್ರ ಒತ್ತಡ ಹೋಗಿ ಗಿಡಕ್ಕ ನೀರು ಹಾಕಿದಂಗ ಆಗತೈತಿ. ಚುಚ್ಚಿದ ಕಿರಿದಾದ ತೂತಿನ ಗಾಯದೊಳಗ ಮಾತ್ರ ತುದಿ ತುರುಕಿ ನೀರು ಹೊಡೀಬಾರದು. ನೀರು ಮಾಂಸದೊಳಗ ಹೊಕ್ಕು ಉಬ್ಬತೈತಿ, ಮಣ್ಣನ್ನೂ ಒಳಗ ಒಯ್ಯತೈತಿ.

ಮಣ್ಣ ಒಣಗಿ ಹಿಡದಿದ್ರ ಮೊದಲ ತೊಯ್ಸಿದ ಗಾಜ್ 5 ನಿಮಿಷ ಮ್ಯಾಲೆ ಇಡ್ರಿ, ಜೇಡಿ ಸಡಲ ಆಗತೈತಿ. ಆಮ್ಯಾಲೆ ಹೊಡೀರಿ. ಕೆಳಗ ಬೀಳೋ ನೀರು ನೋಡ್ರಿ. ಮೊದಲ ಕಪ್ಪು, ಆಮ್ಯಾಲೆ ಬೂದಿ ಬಣ್ಣ, ಆಮ್ಯಾಲೆ ತಿಳಿ ಕೆಂಪು. ತಿಳಿ ಆದಮ್ಯಾಲೂ ಚರ್ಮದ ಅಂಚಿನ ಕೆಳಗ ಕಪ್ಪು ಗೆರಿ ಉಳೀತೈತಿ. ಅಂಚನ್ನ ಗ್ಲೌಸ್ ಹಾಕಿದ ಬಟ್ಟಿನಿಂದ ಸ್ವಲ್ಪ ಎತ್ತಿ ಅಲ್ಲೊಂದು ಸಿರಿಂಜ್ ನೀರು ಹೊಡೀರಿ. ಬಹುತೇಕ ನಂಜು ಶುರುವಾಗೂದು ಈ ಗೆರಿಯಿಂದ.

ನೀರು ಯಾವುದು? ಕುಡಿಯೋ ನೀರು ಸಾಕು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ್ದು, ಇಲ್ಲಾ ಕುದಿಸಿ ಆರಿಸಿದ್ದು. ಸಲೈನ್ ಬಾಟಲಿಗೂ ಸ್ವಚ್ಛ ಕುಡಿಯೋ ನೀರಿಗೂ ಸಣ್ಣ ಗಾಯದಾಗ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ. ಕೆರಿ, ಕಾಲುವಿ, ಕೃಷಿಹೊಂಡದ ನೀರು ಬ್ಯಾಡ. ಅಲ್ಲಿ ದನ ಇಳದಿರತಾವು, ಇಲಿ ಉಚ್ಚಿ ಬಿದ್ದಿರತೈತಿ, ಇಲಿಜ್ವರದ ಕ್ರಿಮಿ ಒಳಹೋಗಾಕ ತೆರದ ಗಾಯನ ಬಾಗಿಲು.

ಗುಡ್ಡದದಾರಿ (ಗದಗ)

ಅಂದ್ರ ನಾಲ್ವರಿಗೆ ಒಬ್ಬರಂಗ 6 ಮಂದಿ ಅರ್ಧ ಲೀಟರಿನ ಒಂದೊಂದು ಹೆಚ್ಚಿನ ಬಾಟಲಿ ಹೊತ್ರ 3 ಲೀಟರ್ ಆಗತೈತಿ. ಮೂರು-ನಾಲ್ಕು ಸಣ್ಣ ಗಾಯಕ್ಕ ಸಾಕಲ್ಲಾ? "ಗಾಯದ ನೀರು" ಅಂತ ಚೀಟಿ ಅಂಟಿಸಿಸ್ತೇನಿ, ಕುಡದು ಖಾಲಿ ಮಾಡದಂಗ.

ಗರಸಿನ ಮ್ಯಾಲೆ ಜಾರಿ ಬಿದ್ದು ಮೊಣಕಾಲು ಉಜ್ಜಿದ್ದಕ್ಕ?

ಸೈಕಲ್_ಸಾಧನಕೇರಿ

ಗರಸಿಂದು ಬ್ಯಾರೆ ಕಥಿ. ಅಲ್ಲಿ ಜೇಡಿ ಕಡಿಮಿ, ಹರಳು ಹೆಚ್ಚು. ಹರಳು ಚರ್ಮದಾಗ ಹುಗದು ಕೂತಿರ್ತದ, ಬರೀ ನೀರಿಗೆ ಬರೂದಿಲ್ಲ. ನೀರು ಹೊಡೀತ ಹೊಡೀತ ತೊಯ್ಸಿದ ಗಾಜ್ ಅರಿವಿಯಿಂದ ಒಂದೇ ದಿಕ್ಕಿಗೆ ತಿಕ್ಕಬೇಕು. ದುಂಡಗ ತಿಕ್ಕಬಾರದು. ಉಳಿದ ಹರಳನ್ನ ಚೂಪು ತುದಿಯ ಚಿಮಟದಿಂದ ಒಂದೊಂದೇ ಎತ್ತಬೇಕು. ನೋಯ್ತದ, ಆದ್ರ ಅದೇ ದಿನ ಮಾಡಲಿಲ್ಲಂದ್ರ ಮ್ಯಾಲೆ ಹೊಸ ಚರ್ಮ ಬೆಳದು ಒಳಗಿನ ಡಾಂಬರ್ ಪುಡಿ, ಕೆಂಪು ಧೂಳು ಹಚ್ಚಿಯ ಹಂಗ ಕಾಯಂ ಉಳೀತದ. ಮುಖದ ಮ್ಯಾಲಿದ್ರ ಇದು ಸಣ್ಣ ಮಾತಲ್ಲ. ಅಂಗೈಗಿಂತ ದೊಡ್ಡ ಜಾಗ ಹಿಂಗ ಆಗಿದ್ರ, ಹುಡುಗ ತಡಕೊಳ್ಳಲಿಕ್ಕಾಗದಿದ್ರ, ಅವತ್ತೇ ದವಾಖಾನಿಗೆ ಒಯ್ರಿ. ಅಲ್ಲಿ ಮರಗಟ್ಟಿಸಿ ತಗೀತಾರ.

ಹತ್ತಿಯನ್ನ ನೇರ ಗಾಯದ ಮ್ಯಾಲೆ ಇಡೂದು ನಿಮ್ಮ ಕರಡಿನಿಂದ ತಗೀರಿ. ಎಳಿ ಎಳಿ ಅಂಟಿ, ಮರುದಿನ ತಗಿಯುವಾಗ ಹೊಸ ಚರ್ಮ ಕಿತ್ತು ಬರ್ತದ. ಪ್ಯಾರಾಫಿನ್ ಗಾಜ್ ಅಥವಾ ತೆಳ್ಳಗ ಪೆಟ್ರೋಲಿಯಂ ಜೆಲ್ಲಿ ಸವರಿದ ಗಾಜ್ ಹಾಕ್ರಿ, ಅದರ ಮ್ಯಾಲೆ ಒಣ ಗಾಜ್, ಆಮ್ಯಾಲೆ ರೋಲರ್ ಪಟ್ಟಿ. ಮೊಣಕಾಲಿಗೆ ಪಟ್ಟಿ ಕಟ್ಟುವಾಗ ಕಾಲು ಸ್ವಲ್ಪ ಮಡಚಿಸಿ, ಮೊಣಕಾಲ ಮ್ಯಾಲೆ ಒಂದು ಸುತ್ತು, ಕೆಳಗ ಒಂದು ಸುತ್ತು, ಹಿಂದ ಅಡ್ಡ ದಾಟಿಸಿ ಎಂಟರ ಆಕಾರದಾಗ. ಕಾಲು ಚಾಚಿಸಿ ಕಟ್ಟಿದ್ರ ನೂರು ಹೆಜ್ಜಿ ಇಳಿಯೂದ್ರೊಳಗ ಜಾರಿ ಪಾದಕ್ಕ ಬಂದಿರ್ತದ.

"ಗಾಳಿ ಆಡಲಿ, ಹಕ್ಕಳಿಗಟ್ಟಲಿ" ಅನ್ನೂದು ಹಳೇ ಮಾತು. 1962ರೊಳಗ ಜಾರ್ಜ್ ವಿಂಟರ್ ಹಂದಿಗಳ ಚರ್ಮದ ಮ್ಯಾಲೆ ಪ್ರಯೋಗ ಮಾಡಿ, ಮುಚ್ಚಿ ಪಸಿ ಉಳಿಸಿದ ಗಾಯ ಬಿಚ್ಚಿಟ್ಟು ಒಣಗಿಸಿದ ಗಾಯಕ್ಕಿಂತ ಸುಮಾರು ಎರಡು ಪಟ್ಟು ಬ್ಯಾಗ ಚರ್ಮ ಕಟ್ಟೂದನ್ನ ತೋರಿಸಿದ್ರು. ಹಕ್ಕಳಿ ಗಟ್ಟಿಯಾದ್ರ ಹೊಸ ಚರ್ಮದ ಕೋಶಗಳು ಅದರ ಕೆಳಗ ಸುತ್ತು ಹಾಕಿ ಹಾದಿ ಹುಡುಕಬೇಕು. ಪಸಿ ಇದ್ರ ನೇರ ದಾಟ್ತಾವ. ಪಸಿ ಅಂದ್ರ ತೊಪ್ಪನ ತೊಯ್ದದ್ದಲ್ಲ. ಪಟ್ಟಿ ಬೆವರಿಗೆ ತೊಯ್ದ್ರ, ಹೊಲಸಾದ್ರ ಬದಲಿ ಮಾಡ್ರಿ, ಇಲ್ಲಾಂದ್ರ ದಿನಕ್ಕೊಮ್ಮೆ ಸಾಕು.

ಹಳ್ಳಿಮದ್ದು_ಶಿಗ್ಗಾಂವಿ

ಎಲ್ಲಾ ಸರಿ ಐತ್ರಿ. ಆದ್ರ ಹೊಲದಾಗ ಸಿರಿಂಜ್, ಪ್ಯಾರಾಫಿನ್ ಗಾಜ್ ಎಲ್ಲಿ ಸಿಗಬೇಕು? ಗೋವಿನಜೋಳದ ಎಲಿ ಕೊಯ್ದ್ರ, ಕುಡಗೋಲು ತಾಗಿದ್ರ ಗಬ್ಬು ಸಾವಂತಿ ಎಲಿ ತಿಕ್ಕಿ ರಸ ಹಿಂಡೂದು, ಮನಿಗೆ ಬಂದು ಅರಿಷಿಣ ಒತ್ತೂದು ತಲಿಮಾರಿನಿಂದ ನಡದು ಬಂದೈತಿ. ಅರಿಷಿಣಕ್ಕ ಕ್ರಿಮಿ ಕೊಲ್ಲೋ ಗುಣ ಐತಿ ಅಂತ ಪ್ರಯೋಗಶಾಲೆಯವ್ರೂ ಹೇಳತಾರ.

ಔಷಧಿಅಂಗಡಿ_ಹುಬ್ಬಳ್ಳಿ

ಶಿಗ್ಗಾಂವಿಯವರೇ, ಅರಿಷಿಣದಲ್ಲಿರುವ ಕರ್ಕ್ಯುಮಿನ್‌ಗೆ ಪ್ರಯೋಗಶಾಲೆಯಲ್ಲಿ ಕ್ರಿಮಿ ತಡೆಯುವ ಗುಣ ಕಂಡಿದೆ, ನಿಜ. ಆದರೆ ಅಡುಗೆಮನೆ ಡಬ್ಬಿಯ ಪುಡಿ ಬೇರೆ. ಕೊಂಬು ನೆಲದಲ್ಲಿ ಬೆಳೆದದ್ದು, ಅಂಗಳದಲ್ಲಿ ಒಣಗಿದ್ದು, ಗಿರಣಿಯಲ್ಲಿ ಬೀಸಿದ್ದು. ಕ್ರಿಮಿ ಶುದ್ಧಿ ಯಾವ ಹಂತದಲ್ಲೂ ಆಗಿಲ್ಲ, ಮಣ್ಣಿನ ಬೀಜಕಗಳು ಅದರಲ್ಲೇ ಇರಬಹುದು. ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸುವ ಕಲಬೆರಕೆಯೂ ಇದೆ. ಇನ್ನೊಂದು ತೊಂದರೆ ಕೆಲಸಕ್ಕೆ ಸಂಬಂಧಿಸಿದ್ದು: ಪುಡಿ ರಕ್ತದ ಜೊತೆ ಗಟ್ಟಿಯಾಗಿ ಗಾಯ ಮುಚ್ಚುತ್ತದೆ, ಸುತ್ತ ಹಳದಿಯಾಗುತ್ತದೆ. ಮರುದಿನ ಚರ್ಮ ಕೆಂಪಾಗಿದೆಯೋ ಇಲ್ಲವೋ ನೋಡುವವರಿಗೆ ತಿಳಿಯುವುದಿಲ್ಲ. ಹೊಲಿಗೆ ಹಾಕುವ ಡಾಕ್ಟರು ಮೊದಲು ಅದನ್ನು ಕೆರೆದು ತೆಗೆಯಬೇಕು.

ಎಲೆಯ ರಸದ್ದೂ ಅಷ್ಟೇ. ಆ ಗಿಡ ಬೆಳೆಯುವುದು ದಾರಿ ಬದಿಯಲ್ಲಿ, ದನ ಓಡಾಡುವ ಕಡೆ. ರಸದಲ್ಲಿ ರಕ್ತ ನಿಲ್ಲಿಸುವ ಗುಣ ಇರಬಹುದು, ಆದರೆ ತೊಳೆಯದ ಎಲೆ, ತೊಳೆಯದ ಅಂಗೈಯಲ್ಲಿ ತಿಕ್ಕಿದಾಗ ಒಳಗೆ ಹೋಗುವುದು ರಸ ಒಂದೇ ಅಲ್ಲ. ಹೊಲದಲ್ಲಿ ಏನೂ ಇಲ್ಲದಿದ್ದರೆ ಕುಡಿಯುವ ನೀರಿನ ಬಾಟಲಿ ಇದ್ದೇ ಇರುತ್ತದೆ, ಒಗೆದ ಟವೆಲ್ ಇರುತ್ತದೆ. ಅವೆರಡೂ ಎಲೆಗಿಂತ ಉತ್ತಮ ಮದ್ದು. ಚಹಾಪುಡಿ, ಸುಣ್ಣ, ಬೂದಿ, ಸೆಗಣಿ, ಡೀಸೆಲ್ ಇವನ್ನಂತೂ ಮುಟ್ಟಲೇಬೇಡಿ.

ಅಂಗಡಿಯ ಔಷಧಿಗಳ ಬಗ್ಗೆಯೂ ಇಷ್ಟೇ ನೇರವಾಗಿ ಹೇಳಬೇಕು. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರುತ್ತದೆಂದು ಜನ ನಂಬುತ್ತಾರೆ, ಅದು ಬೆಳೆಯುತ್ತಿರುವ ಜೀವಕೋಶವನ್ನೂ ಸುಡುತ್ತದೆ. ಸ್ಪಿರಿಟ್ ಗಾಯದ ಒಳಗೆ ಬೇಡ. ಡೆಟಾಲ್, ಸ್ಯಾವ್ಲಾನ್ ನೀರು ಬೆರೆಸದೆ ಹಾಕಿದರೆ ಚರ್ಮ ಸುಟ್ಟು ಬಿಳಿಚುತ್ತದೆ. ಬಳಸುವುದೇ ಆದರೆ ಲೇಬಲ್ ಮೇಲಿನ ಪ್ರಮಾಣದಲ್ಲಿ, ಗಾಯದ ಸುತ್ತಲಿನ ಚರ್ಮಕ್ಕೆ ಮಾತ್ರ. ಪೊವಿಡೋನ್ ಅಯೋಡಿನ್ 10% ದ್ರಾವಣವಾದರೆ ಒಂದು ಪಾಲಿಗೆ 9 ಪಾಲು ನೀರು ಬೆರೆಸಿ. ಹಾಲು ಹಾಕದ ತೆಳು ಚಹಾದ ಬಣ್ಣ ಬರಬೇಕು. ಥೈರಾಯ್ಡ್ ತೊಂದರೆ ಇದ್ದವರು, ಗರ್ಭಿಣಿಯರು, ಅಯೋಡಿನ್ ಅಲರ್ಜಿ ಇದ್ದವರು ಅದನ್ನು ಬಿಡಲಿ. ಆಂಟಿಬಯೋಟಿಕ್ ಪೌಡರ್ ಗಾಯದ ನೀರಿನೊಂದಿಗೆ ಕಲೆತು ಗಂಟುಗಟ್ಟುತ್ತದೆ, ಅದರ ಕೆಳಗೆ ಕೀವು ನಿಂತರೂ ಕಾಣುವುದಿಲ್ಲ. ನಿಯೋಮೈಸಿನ್ ಇರುವ ಮುಲಾಮಿಗೆ ಕೆಲವರ ಚರ್ಮ ತುರಿಸಿ ಗುಳ್ಳೆ ಏಳುತ್ತದೆ, ಅದನ್ನೇ ನಂಜು ಎಂದುಕೊಂಡು ಇನ್ನಷ್ಟು ಹಚ್ಚುತ್ತಾರೆ.

24 ಜನರ ಪೆಟ್ಟಿಗೆಗೆ: 10×10 ಸೆಂ.ಮೀ. ಸ್ಟೆರೈಲ್ ಗಾಜ್ 20, ಪ್ಯಾರಾಫಿನ್ ಗಾಜ್ 6, 7.5 ಸೆಂ.ಮೀ. ರೋಲರ್ ಪಟ್ಟಿ 6, ಒಂದಿಂಚಿನ ಮೈಕ್ರೋಪೋರ್ ಟೇಪ್ 2, ಬ್ಯಾಂಡ್‌ಏಡ್ 30, ಗ್ಲೌಸ್ 10 ಜೊತೆ, 20 ಮಿಲಿ ಸಿರಿಂಜ್ 2, ಚೂಪು ಚಿಮಟ, ಕತ್ತರಿ, ಚಿಕ್ಕ ಪೆಟ್ರೋಲಿಯಂ ಜೆಲ್ಲಿ, 500 ಮಿಲಿ ಸಲೈನ್ ಒಂದು, ಬಾಲ್‌ಪೆನ್. ಸಿರಿಂಜಿಗೆ 18 ಗೇಜ್ ಕ್ಯಾನುಲಾ (ಸಲೈನ್ ಹಚ್ಚುವ ಸೂಜಿ-ನಳಿಕೆ) ಕೇಳಿ ಪಡೆಯಿರಿ, ಹಸಿರು ಬಣ್ಣದ್ದು. ಒಳಗಿನ ಲೋಹದ ಸೂಜಿ ಅಂಗಡಿಯಲ್ಲೇ ತೆಗೆಸಿ, ಮೆತ್ತನೆಯ ಪ್ಲಾಸ್ಟಿಕ್ ನಳಿಕೆ ಮಾತ್ರ ಸಿಕ್ಕಿಸಿದರೆ ಗಾಯಕ್ಕೆ ಬೇಕಾದ ಒತ್ತಡದ ಧಾರೆ ಬರುತ್ತದೆ, ಚುಚ್ಚುವ ಭಯ ಇಲ್ಲ. ಸಲೈನ್ ಸೀಲ್ ಒಡೆದರೆ 24 ಗಂಟೆಯೊಳಗೆ ಮುಗಿಸಿ, ಉಳಿದದ್ದು ಚೆಲ್ಲಿ.

ಪೆಟ್ಟಿಗೆಯನ್ನು ಬೈಕಿನ ಡಿಕ್ಕಿಯಲ್ಲಿ ವರ್ಷವಿಡೀ ಇಡಬೇಡಿ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿಗೆ ಬ್ಯಾಂಡ್‌ಏಡಿನ ಅಂಟು ಕರಗಿ ಕಾಗದಕ್ಕೇ ಹಿಡಿಯುತ್ತದೆ, ಮುಲಾಮಿನ ಎಣ್ಣೆ ಬೇರೆಯಾಗುತ್ತದೆ.

ಹಳ್ಳಿಮದ್ದು_ಶಿಗ್ಗಾಂವಿ

ಹೊಲಿಗಿ ಹಾಕಾವ್ರಿಗೆ ಗಾಯ ಕಾಣೂದಿಲ್ಲ ಅನ್ನೂದು ನನ್ನ ಲಕ್ಷ್ಯಕ್ಕ ಬಂದಿರಲಿಲ್ಲ. ಒಪ್ಪತೇನಿ. ಕೂಲಿಯವರ ಬುತ್ತಿಚೀಲದಾಗ ಒಗದ ಅರಿವಿಯ ನಾಲ್ಕು ತುಂಡು, ಒಂದು ತೂತಿನ ಮುಚ್ಚಳ ಇಡಾಕ ಹೇಳತೇನಿ. ಟಿಟಿ ವಿಚಾರ ಯಾರರ ಬಿಡಿಸಿ ಬರೀರಿ. ನಮ್ಮಲ್ಲಿ "ಕಬ್ಬಿಣ ತಾಗಿದ್ರ ಮಾತ್ರ ಸೂಜಿ" ಅಂತಾರ.

ಶುಶ್ರೂಷೆ_ಹಾವೇರಿ

ಧನುರ್ವಾಯು ತುಕ್ಕಿನಿಂದ ಬರೂದಿಲ್ಲ. ಕ್ಲಾಸ್ಟ್ರಿಡಿಯಂ ಟೆಟನಿ ಅನ್ನೋ ಕ್ರಿಮಿಯ ಬೀಜಕ ಮಣ್ಣಿನಾಗ, ದನ-ಕುದುರಿ ಸೆಗಣಿಯೊಳಗ ಇರತಾವು. ಅದಕ್ಕ ಗಾಳಿ ಆಗಿ ಬರೂದಿಲ್ಲ, ಆಳದ ಕಿರಿದಾದ ಗಾಯದಾಗ, ಸತ್ತ ಮಾಂಸದ ನಡುವ ಬೆಳೀತೈತಿ. ಮೊಳಿ ಅಪಾಯಕಾರಿ ಯಾಕಂದ್ರ ಅದು ಆಳ ಚುಚ್ಚತೈತಿ, ಅದಕ್ಕ ಮಣ್ಣ ಮೆತ್ತಿರತೈತಿ. ತಿಪ್ಪಿಗೊಬ್ಬರ ಹರವುವಾಗ ಚುಚ್ಚಿದ ಜಾಲಿ ಮುಳ್ಳೂ ಅಷ್ಟ ಅಪಾಯ. ಲಕ್ಷಣ ಬಹುಶಃ 3ರಿಂದ 21 ದಿನದೊಳಗ ಕಾಣತಾವು, ಅಷ್ಟೊತ್ತಿಗೆ ಮ್ಯಾಲಿನ ಗಾಯ ಮಾದಿರಬಹುದು.

ಲೆಕ್ಕ ಹಿಂಗ: ಹಿಂದ ಕನಿಷ್ಠ 3 ಡೋಸ್ ಪೂರ್ತಿ ಆಗಿದ್ದವರಿಗೆ ಸ್ವಚ್ಛ ಸಣ್ಣ ಗಾಯ ಆದ್ರ, ಕೊನೀ ಡೋಸಿಗೆ 10 ವರ್ಷ ದಾಟಿದ್ರ ಮಾತ್ರ ಒಂದು ಬೇಕು. ಮಣ್ಣ, ಸೆಗಣಿ ಹೊಕ್ಕ ಅಥವಾ ಆಳದ ಗಾಯಕ್ಕ 5 ವರ್ಷ ದಾಟಿದ್ರ ಬೇಕು. ಪ್ರತಿ ಗಾಯಕ್ಕೂ, ಪ್ರತಿ ಆರು ತಿಂಗಳಿಗೂ ಚುಚ್ಚಿಸೋ ಅವಶ್ಯಕತಿ ಇಲ್ಲ. ಡೋಸ್ ಆಗಿದ್ದೇ ಗೊತ್ತಿಲ್ಲ, ಅಥವಾ 3ಕ್ಕಿಂತ ಕಡಿಮಿ ಅಂದ್ರ ಹೊಲಸು ಗಾಯಕ್ಕ ಲಸಿಕಿ ಜೊತಿ ಟೆಟನಸ್ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಸೂಜಿ) ಬೇಕು, ಅದು ಡಾಕ್ಟರ್ ನಿರ್ಧಾರ. ಈಗ ಸರ್ಕಾರಿ ಲಸಿಕಾ ಕಾರ್ಯಕ್ರಮದಾಗ ಟಿಟಿ ಬದಲಿ ಟಿಡಿ ಕೊಡತಾರ, ಗಂಟಲಮಾರಿ ತಡಿಯೋ ಅಂಶನೂ ಅದರಾಗ ಸೇರಿರತೈತಿ. 10 ಮತ್ತು 16ನೇ ವಯಸ್ಸಿಗೆ ಒಂದೊಂದು. ನಿಮ್ಮ ಕಾಲೇಜು ಹುಡುಗರಿಗೆ 16ಕ್ಕ ಆಗೇತೇನು ಅಂತ ಹೊರಡೂ ಮೊದಲ ಕೇಳಿ ಬರ್ಕೊಳ್ರಿ. ಹೆಣ್ಣಮಕ್ಕಳಿಗೆ ಬಸುರಿದ್ದಾಗ ಆಗಿರತೈತಿ, ಗಂಡಸರು ಶಾಲಿ ಬಿಟ್ಟಮ್ಯಾಲೆ ಒಮ್ಮೆಯೂ ಮಾಡಿಸಿರೂದಿಲ್ಲ. ಹೊಲದ ಕೆಲಸ ಮಾಡೋ 40-50ರ ಗಂಡಸರ ಬಗ್ಗೆ ನನಗ ಹೆಚ್ಚು ಚಿಂತಿ.

ಎರಿಹೊಲ_ನವಲಗುಂದ

ಮುಳ್ಳಿನ ಮಾತು ಬಂತು. ಬಳ್ಳಾರಿ ಜಾಲಿ ಮುಳ್ಳು ಚಪ್ಪಲಿ ದಾಟಿ ಹೋಗತೈತಿ. ಕಾಲು ನೀರಾಗ ಬಾಳ ಹೊತ್ತು ನೆನಸಬ್ಯಾಡ್ರಿ, ಕಟ್ಟಿಗಿಯ ಮುಳ್ಳು ಉಬ್ಬಿ ಮೆತ್ತಗಾಗಿ ತಗಿಯುವಾಗ ಮುರೀತೈತಿ. ಸಾಬಾಣ ಹಚ್ಚಿ ತೊಳದು, ಒರಸಿ, ಚಿಮಟದಿಂದ ಮುಳ್ಳು ಹೊಕ್ಕ ಓರೆಯೊಳಗ, ಬಂದ ದಾರಿಯಲ್ಲೇ ನಿಧಾನ ಎಳೀರಿ. ನೆಟ್ಟಗ ಮ್ಯಾಲಕ್ಕ ಎಳದ್ರ ಮುರೀತೈತಿ. ಅಕ್ಕಪಕ್ಕ ಹಿಸುಕಬ್ಯಾಡ್ರಿ. ತುದಿ ಚರ್ಮದ ಮಟ್ಟಕ್ಕಿದ್ರ ಕುದಿಸಿದ ಸೂಜಿಯಿಂದ ಮ್ಯಾಲಿನ ಪದರ ಅಷ್ಟ ಬಿಡಿಸಿ, ತುದಿ ಕಂಡಮ್ಯಾಲೆ ಹಿಡೀರಿ.

ಗೆಣ್ಣು, ಮೊಣಕಾಲಿನ ಹತ್ತಿರ ಮುರದು ಉಳಿದ ಮುಳ್ಳು ಕೀಲಿನೊಳಗ ಸೇರಿ ತಿಂಗಳುಗಟ್ಟಲೆ ಬಾವು ತರಬಹುದು, ಎಕ್ಸ್‌ರೇದಾಗ ಕಾಣೂದಿಲ್ಲ, ಸ್ಕ್ಯಾನಿಂಗ್ ಬೇಕಾಗತೈತಿ. ಡಾಕ್ಟರಿಗೆ "ಮುಳ್ಳು ಚುಚ್ಚಿತ್ತು" ಅಂತ ಬಾಯಿಬಿಟ್ಟು ಹೇಳಬೇಕು. ಶೂ ತಳ ತೂರಿ ಚುಚ್ಚಿದ್ದಿದ್ರ ಅದನ್ನೂ ಹೇಳ್ರಿ, ಬೆವತ ಶೂ ತಳದಾಗಿನ ಕ್ರಿಮಿ ಬ್ಯಾರೆ, ಅದಕ್ಕ ಕೊಡೋ ಔಷಧಿನೂ ಬ್ಯಾರೆ.

ಗರಡಿಮನಿ_ಧಾರವಾಡ

ಕಬಡ್ಡಿ, ಕುಸ್ತಿ ಹುಡುಗರ ಸಲುವಾಗಿ ಒಂದು ಮಾತು. ಗರಡಿ ಮಣ್ಣಿಗೆ ಎಣ್ಣಿ, ಮಜ್ಜಿಗಿ, ಅರಿಷಿಣ ಹಾಕಿ ಹದ ಮಾಡಿರ್ತಾರ, ಅದು ಔಷಧಿ ಅಂತ ತರಚಿದ ಜಾಗಕ್ಕ ಅದನ್ನೇ ಸವರ್ತಾರ. ಹತ್ತು ಮಂದಿ ಬೆವರು ಬಿದ್ದ ಮಣ್ಣು ಅದು. ಒಬ್ಬರ ಹುಣ್ಣಿನ ಕ್ರಿಮಿ, ಹುಳಕಡ್ಡಿ ಇನ್ನೊಬ್ಬರಿಗೆ ದಾಟೂದು ತರಚಿದ ಚರ್ಮದ ಮೂಲಕ. ತಾಲೀಮು ಮುಗದ ಕೂಡಲೆ ಸಾಬೂನು ಹಚ್ಚಿ ಸ್ನಾನ, ಬ್ಯಾರೆ ಬ್ಯಾರೆ ಟವೆಲ್. ರಸ ಸೋರೋ ಗಾಯ, ಜೇನಿನ ಬಣ್ಣದ ಹಕ್ಕಳಿ ಇದ್ದವನನ್ನ ಅದು ಪೂರ್ತಿ ಒಣಗೂ ತನಕ ಮಣ್ಣಿಗಿಳಿಸಬಾರದು, ಪಟ್ಟಿ ಕಟ್ಟಿದ್ರೂ.

ಗುಡ್ಡದದಾರಿ (ಗದಗ)

ಹೊಲಿಗಿ ಬೇಕೋ ಬ್ಯಾಡೋ ಗುಡ್ಡದ ಮ್ಯಾಲೆ ಹೆಂಗ ತೀರ್ಮಾನಿಸೂದು? ಮತ್ತ ದಾರಿಯಾಗ ನಾಯಿ, ಮಂಗ್ಯಾ ಪರಚಿದ್ರ?

ಶುಶ್ರೂಷೆ_ಹಾವೇರಿ

ನಾಯಿ, ಬೆಕ್ಕು, ಮಂಗ್ಯಾ ಪರಚಿದ್ದು ಮೊದಲು. ಗೆರಿಯಷ್ಟ ಇದ್ರೂ ಹರಿಯೋ ನೀರು, ಸಾಬಾಣದಿಂದ 15 ನಿಮಿಷ ಗಡಿಯಾರ ಇಟ್ಟು ತೊಳೀರಿ. ಖಾರದಪುಡಿ, ಸುಣ್ಣ ಬ್ಯಾಡ. ಬಿಗಿ ಪಟ್ಟಿನೂ ಬ್ಯಾಡ. ಅವತ್ತ ದವಾಖಾನಿಗೆ. ತೋಳಿಗೆ ಕೊಡೋ ರೇಬಿಸ್ ಲಸಿಕಿ 0, 3, 7, 14, 28ನೇ ದಿವಸ. ಚರ್ಮದೊಳಗ ಕೊಡೂದಿದ್ರ 0, 3, 7, 28. ರಕ್ತ ಬಂದಿದ್ರ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ನೂ ಬೇಕು. ಒಂದ ಡೋಸ್ ತಗೊಂಡು ಬಿಟ್ರ ರಕ್ಷಣಿ ಇಲ್ಲ.

ಹೊಲಿಗಿಗೆ: ಒತ್ತೂದು ಬಿಟ್ಟಮ್ಯಾಲೆ ಅಂಚು ತಾನಾಗಿ ಬಾಯಿ ಬಿಡತೈತಿ, ಒಳಗ ಹಳದಿ ಕೊಬ್ಬು ಕಾಣತೈತಿ, ಆಳ ಅರ್ಧ ಸೆಂ.ಮೀ. ದಾಟೇತಿ, ಕೀಲು, ತುಟಿ, ರೆಪ್ಪಿ ಮ್ಯಾಲೆ ಐತಿ ಅಂದ್ರ ಕೆಳಗಿಳಿಸ್ರಿ. 6 ತಾಸಿನೊಳಗ ತಲುಪೂದು ಒಳ್ಳೇದು. ಗುಡ್ಡ ಇಳಿಯೋ ಹೊತ್ತನ್ನೂ ಅದರಾಗ ಹಿಡೀರಿ. ಎರಿಮಣ್ಣು ಹೊಕ್ಕ ಆಳದ ಗಾಯಕ್ಕ ನೀವು ಟೇಪ್ ಎಳದು ಬಾಯಿ ಮುಚ್ಚಬ್ಯಾಡ್ರಿ, ಮಣ್ಣ ಒಳಗ ಸಿಕ್ಕು ಕೀವಾಗತೈತಿ. ತೊಯ್ದ ಗಾಜ್ ಇಟ್ಟು ಸಡಲ ಪಟ್ಟಿ ಕಟ್ಟಿ ಕಳಿಸ್ರಿ. ಗಾಜಿನ ಚೂರು, ಕಟ್ಟಿಗಿ ಆಳ ನೆಟ್ಟಿದ್ರ ಕೀಳಬ್ಯಾಡ್ರಿ, ಎರಡೂ ಬದಿಗೆ ಸುತ್ತಿದ ಅರಿವಿ ಇಟ್ಟು ಅಲ್ಲಾಡದಂಗ ಕಟ್ಟಿ 108ಕ್ಕ ಫೋನ್ ಹಚ್ಚ್ರಿ.

ಪೆಟ್ಟಿಗಿಯ ಬಾಲ್‌ಪೆನ್ ಇದಕ್ಕ: ಸಂಜಿ ಮನಿಗೆ ಹೋಗೂ ಮೊದಲ ಗಾಯದ ಸುತ್ತ ಕೆಂಪಿನ ಅಂಚಿಗೆ ಗೆರಿ ಹಾಕಿ ತಾಸು ಬರೀರಿ. ಮೊದಲ ಎರಡು ದಿವಸ ಅಂಚಿನಾಗ ತುಸು ಕೆಂಪು ಸಹಜ. ಕೆಂಪು ಆ ಪೆನ್ನಿನ ಗೆರಿ ದಾಟಿ ಹಬ್ಬಿದ್ರ, ಬಿಸಿ ಹತ್ತಿ ಸಿಡದ್ರ, ಕೀವು, ಜ್ವರ, ಮ್ಯಾಲಕ್ಕ ಹತ್ತೋ ಕೆಂಪು ಗೆರಿ ಕಂಡ್ರ ಅದೇ ದಿವಸ ತೋರಿಸ್ರಿ.

ಗುಡ್ಡದದಾರಿ (ಗದಗ)

ಬರ್ಕೊಂಡೆ ಅಕ್ಕಾರ. ಜೊತಿಗೆ ಬರೋ ಇಬ್ಬರು ಉಪನ್ಯಾಸಕರಿಗೆ ಸಕ್ಕರಿ ಕಾಯಿಲೆ ಐತಿ. ಅವರಿಗೆ ಬ್ಯಾರೆ ಏನರ?

ಶುಶ್ರೂಷೆ_ಹಾವೇರಿ

ಅವರಿಗೆ ನೋವು ಗೊತ್ತಾಗದ ಇರಬಹುದು, ಅದ ತೊಂದರಿ. ಊಟಕ್ಕ ಕುಂತಾಗ ಒಮ್ಮೆ, ಇಳದಮ್ಯಾಲೆ ಒಮ್ಮೆ ಶೂ, ಸಾಕ್ಸ್ ಬಿಚ್ಚಿ ಅಂಗಾಲು, ಬಟ್ಟಿನ ಸಂದಿ ನೋಡಿಸ್ರಿ. ಶೂ ಒಳಗ ಕೈ ಹಾಕಿ ಹರಳು ಐತೇನು ತಡವಿ ನೋಡ್ರಿ. ಬಿಳಿ ಸಾಕ್ಸ್ ಹಾಕ್ಕೊಂಡು ಬರ್ರಿ ಅಂತ ಹೇಳ್ರಿ, ಒಂದು ಹನಿ ರಕ್ತ ಬಂದ್ರೂ ಕಾಣತೈತಿ. ಅಂಗಾಲಿಗೆ ಎಷ್ಟ ಸಣ್ಣ ಗಾಯ ಆಗಿದ್ರೂ ತೊಳದು ಪಟ್ಟಿ ಕಟ್ಟಿ, ಮರುದಿನ ಡಾಕ್ಟರಿಗೆ ತೋರಿಸಬೇಕು, ನೋವು ಐತೋ ಇಲ್ಲೋ ಕೇಳೂದ ಬ್ಯಾಡ.